ರೌಟರ್ ಆಫ್ ಮಾಡಿ ಆನ್ ಮಾಡಿ ಸರ್!

ನೆಟ್ ಮತ್ತೆ ಹೋಯ್ತು. ಅದೂ ಆಫೀಸ್ ಮೀಟಿಂಗಿನಲ್ಲಿ ನಾನು ಬಾಯಿ ತೆರೆದ ಹೊತ್ತಿಗೇ ಸರಿಯಾಗಿ. ರೌಟರ್ ಮೇಲೆ ಎಲ್‌ಒಎಸ್ ಅನ್ನೋ ಕೆಂಪು ದೀಪ ಮಿಟುಕುತ್ತಿದೆ. ಅಂದ್ರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ, ಬಹುಶಃ ಹೊರಗೆಲ್ಲೋ ಕೇಬಲ್ ತುಂಡಾಗಿದೆ. ಇಷ್ಟು ನಮ್ಮಜ್ಜಿಗೂ ಗೊತ್ತು. ಕಸ್ಟಮರ್ ಕೇರ್‌ನವರಿಗೆ ಮಾತ್ರ ಗೊತ್ತಿಲ್ಲ!

ಕನ್ನಡಕ್ಕಾಗಿ ಎರಡನ್ನು ಒತ್ತಿ ಅಂದರು. ಒತ್ತಿದೆ. ಹಿಂದಿಯಲ್ಲಿ ಶುರು ಮಾಡಿದರು. ರೌಟರ್ ಆಫ್ ಮಾಡಿ ಆನ್ ಮಾಡಬೇಕಂತೆ. ಬೀದಿಯಲ್ಲಿ ತುಂಡಾದ ಕೇಬಲ್ ನಮ್ಮನೆ ಸ್ವಿಚ್ ಒತ್ತಿದರೆ ಕೂಡಿಕೊಳ್ಳುತ್ತಾ? ಆಗದಿದ್ದರೆ ಆ್ಯಪ್‌ನಲ್ಲಿ ದೂರು ಕೊಡಬೇಕಂತೆ. ನೆಟ್ ಇಲ್ಲ ಅಂತ ಹೇಳೋಕೂ ನೆಟ್ ಬೇಕು! ಮೊಬೈಲ್ ಡೇಟಾ ಕೇಳಲೇಬೇಡಿ, ದಿನದ ಒಂದೂವರೆ ಜಿಬಿ ಮಗಳ ಆನ್‌ಲೈನ್ ಕ್ಲಾಸಿಗೇ ಸ್ವಾಹಾ.

ಇನ್ನು ಏರಿಯಾದ ಲೈನ್ ಹುಡುಗ. "ಹತ್ತೇ ನಿಮಿಷ ಸಾರ್, ದಾರಿಯಲ್ಲಿದ್ದೀನಿ." ಬೆಂಗಳೂರಿನ ಹತ್ತು ನಿಮಿಷ ಅಂದ್ರೆ ಗೊತ್ತಲ್ವಾ, ಸಂಜೆಯಾಯ್ತು. ಬಂದವನು ಕಂಬ ನೋಡಿದ, ತಲೆ ಕೆರೆದುಕೊಂಡ. "ಮೇನ್ ರೋಡಲ್ಲಿ ಜೆಸಿಬಿ ಅಗೆದುಬಿಟ್ಟಿದೆ ಸಾರ್. ತುಂಡಾದ ಫೈಬರ್ ಬೆಸೆಯೋ ಸ್ಪ್ಲೈಸಿಂಗ್ ಮಷಿನ್ ಬರಬೇಕು." ಡಾಂಬರು ಆರುವ ಮೊದಲೇ ಅಗೆಯಬೇಕು ಅಂತ ಯಾವ ಶಾಸ್ತ್ರದಲ್ಲಿದೆ? ನೀರಿನವರು ಹೋದರೆ ಒಳಚರಂಡಿಯವರು, ಅವರು ಹೋದರೆ ಕರೆಂಟಿನವರು.

ಅಷ್ಟರಲ್ಲಿ ಮೆಸೇಜು: "ನಿಮ್ಮ ದೂರು ಬಗೆಹರಿದಿದೆ. ನಮಗೆ ಐದಕ್ಕೆ ಎಷ್ಟು ಸ್ಟಾರ್ ಕೊಡುತ್ತೀರಿ?" ಯಾರ ದೂರು ಸ್ವಾಮಿ ಬಗೆಹರಿದದ್ದು? ಬಿಲ್ ಮಾತ್ರ ಯಾವ ಜೆಸಿಬಿಗೂ ಸಿಕ್ಕಿಲ್ಲ ನೋಡಿ, 18% ಜಿಎಸ್‌ಟಿ ಸಮೇತ ಟೈಮಿಗೆ ಸರಿಯಾಗಿ ಬರುತ್ತೆ.