ಅಜ್ಜನ ಕ್ರಯ ಸರ್ಟಿಫಿಕೇಟು, ಮೊಮ್ಮಗನ ಚಾಲಗೇಣಿ

ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ನನ್ನನ್ನು ನನ್ನದೇ ಸ್ಟುಡಿಯೋದಿಂದ ಒಕ್ಕಲೆಬ್ಬಿಸಿದರು. ಪೊಲೀಸರು ಬರಲಿಲ್ಲ, ಅಮೀನರು ಬರಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಬಿಳಿ ಚೌಕ ಬಂತು, ಅಷ್ಟೇ. ನಿಮ್ಮ ಹಣ ಬಂದಿಲ್ಲ ಎಂದು ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಹೇಳಿತು. ಹಳೆಯ ಬ್ಯಾಂಕ್ ಕಾರ್ಡಿನ ಅವಧಿ ಮುಗಿದಿತ್ತು. ಹೊಸದು ಅಂಚೆಯಲ್ಲಿ ಎಲ್ಲೋ ನಿದ್ದೆ ಮಾಡುತ್ತಿತ್ತು.

ಯಾವ ಸಾಫ್ಟ್‌ವೇರ್ ಎಂದು ಹೇಳುವುದಿಲ್ಲ. ಹೆಸರು ಹೇಳಿದ್ದಕ್ಕೂ ತಿಂಗಳಿಗೆ ಇಷ್ಟು ಅಂತ ಬಿಲ್ಲು ಬಂದೀತು. ಫೋಟೋ ತಿದ್ದುವಂಥದ್ದು, ತಿಂಗಳು ತಿಂಗಳು ಕಟ್ಟುವಂಥದ್ದು. ಅಷ್ಟು ಸಾಕು.

ಇದನ್ನು ಎಲ್ಲರೂ ಚಂದಾ ಅನ್ನುತ್ತಾರೆ. ಚಂದಾ ಎಂದರೆ ಭಜನಾ ಮಂದಿರಕ್ಕೆ ಕೊಡುವುದು, ರಶೀದಿ ಜೊತೆಗೆ ಪ್ರಸಾದ ಸಿಗುತ್ತದೆ. ಕಾಸರಗೋಡಿನವರಾದ ನಮ್ಮಲ್ಲಿ ಇದಕ್ಕೆ ಬೇರೆ ಮಾತು ಉಂಟು: ಚಾಲಗೇಣಿ. 1956ರ ನವೆಂಬರ್ 1ರಂದು ನಮ್ಮನ್ನು ಕೇರಳಕ್ಕೆ ದಾಟಿಸುವ ಮೊದಲು ನಾವಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಗೇಣಿ ಮುಖ್ಯವಾಗಿ ಎರಡು ಬಗೆ. ಮೂಲಗೇಣಿ ಅಂದರೆ ಶಾಶ್ವತ. ಧಣಿ ಗೇಣಿ ಏರಿಸುವಂತಿಲ್ಲ, ಒಕ್ಕಲನ್ನು ಎಬ್ಬಿಸುವಂತಿಲ್ಲ. ಚಾಲಗೇಣಿ ಅಂದರೆ ಧಣಿಗೆ ಮನಸ್ಸಿದ್ದಷ್ಟು ದಿನ. ಗದ್ದೆಗೆ ಗೊಬ್ಬರ ಹಾಕಿ ಬೆಳೆ ಚೆನ್ನಾಗಿ ಬಂದರೆ ಮುಂದಿನ ವರ್ಷ ಗೇಣಿ ಜಾಸ್ತಿ. ಹೊಸ ಫೀಚರ್ ಬಂತು, ದರ ಪರಿಷ್ಕರಿಸಿದ್ದೇವೆ ಎಂದು ಇ-ಮೇಲ್ ಬರುತ್ತದಲ್ಲ, ಅದೇ.

ನನ್ನ ಅಜ್ಜ ಬದಿಯಡ್ಕದ ಈಚೆ ಚಾಲಗೇಣಿ ಒಕ್ಕಲಾಗಿದ್ದವರು. ಅಕ್ಕಿ ಮುಡಿ ಕಟ್ಟಿ ತಲೆಯಲ್ಲಿ ಹೊತ್ತು ಧಣಿಯ ಚಾವಡಿಗೆ ಹಾಕಬೇಕು. ಅದಲ್ಲದೆ ಬಿಸುವಿಗೆ, ಅಂದರೆ ನಮ್ಮ ಏಪ್ರಿಲ್ ತಿಂಗಳ ಯುಗಾದಿಗೆ, ಸೌತೆಕಾಯಿ, ಚೌತಿಗೆ ಬಾಳೆಗೊನೆ. ಧಣಿ ಚಾವಡಿಯಲ್ಲಿ ಕೂತು ಗೊನೆಯನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದರಂತೆ. ಅಜ್ಜ ಆ ಒತ್ತುವಿಕೆಯನ್ನು ಅಭಿನಯಿಸಿ ತೋರಿಸುತ್ತಿದ್ದರು, ಎಂಬತ್ತರ ವಯಸ್ಸಿನಲ್ಲೂ. ಆಮೇಲೆ 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿಯೇ ರದ್ದಾಯಿತು. ಅಜ್ಜ ಕ್ರಯ ಕಟ್ಟಿ, ಲ್ಯಾಂಡ್ ಟ್ರಿಬ್ಯೂನಲಿಗೆ ನಡೆದು ನಡೆದು ಚಪ್ಪಲಿ ಸವೆಸಿ, ಗದ್ದೆ ಇನ್ನು ನಿಮ್ಮದೇ ಎನ್ನುವ ಒಂದು ಕ್ರಯ ಸರ್ಟಿಫಿಕೇಟು ತಂದರು. ಅದು ಮಲಯಾಳದಲ್ಲಿತ್ತು. ಸಾಯುವವರೆಗೂ ಅಜ್ಜನಿಗೆ ಅದನ್ನು ಓದಲು ಬರಲಿಲ್ಲ.

ನನಗೆ ಇಂಗ್ಲಿಷ್ ಓದಲು ಬರುತ್ತದೆ. ಆದರೂ ಷರತ್ತುಗಳ ನಲವತ್ತು ಪುಟ ಓದದೆ 'ಒಪ್ಪಿದ್ದೇನೆ' ಒತ್ತಿದೆ. ಅಜ್ಜ ಓದದೆ ಗದ್ದೆ ಪಡೆದರು. ನಾನು ಓದದೆ ಒಕ್ಕಲಾದೆ. ಅದೂ ನಾನೇ ಒಟಿಪಿ ಹಾಕಿ.

ಈ ಹೊಸ ಧಣಿತನದ ದೊಡ್ಡ ಮನೆ ಅಡೋಬಿ ಎಂದು ನಿಮಗೆ ಗೊತ್ತೇ ಇದೆ. 2013ರ ಮೇ ತಿಂಗಳಲ್ಲಿ ಅವರು ಇನ್ನು ಹೊಸ ಫೋಟೋಶಾಪ್ ಕ್ರಯಕ್ಕಿಲ್ಲ, ಚಂದಾಕ್ಕೆ ಮಾತ್ರ ಎಂದರು. ಕ್ರಯಕ್ಕೆ ಸಿಕ್ಕ ಕೊನೆಯದು 2012ರ ಸಿಎಸ್6. (ಆಗ ನಿಮ್ಮ ಊರಿನ ಸ್ಟುಡಿಯೋಗಳಲ್ಲಿ ಅದನ್ನು ನಿಜವಾಗಿ ಕೊಂಡವರು ಯಾರು ಎಂದು ಕೇಳಬೇಡಿ. ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದ ಸಿಡಿ ಒಂದು ಸ್ಟುಡಿಯೋದಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಹೋಗುತ್ತಿತ್ತು. ನಾವೂ ಸಾಚಾಗಳಲ್ಲ.) ದೊಡ್ಡ ಧಣಿ ಮುಂಡಾಸು ಕಟ್ಟಿದ ಮೇಲೆ ಚಿಲ್ಲರೆ ಧಣಿಗಳು ಬರೀ ತಲೆಯಲ್ಲಿ ಕೂರುತ್ತಾರೆಯೇ? ನನ್ನ ಕಂಪನಿಯೂ ಒಂದು ಕಟ್ಟಿಕೊಂಡಿತು.

ಕಾರಿನವರೂ ಕಟ್ಟಿಕೊಂಡರು. 2022ರಲ್ಲಿ ಬಿಎಂಡಬ್ಲ್ಯು ಕೊರಿಯಾದಲ್ಲಿ ಸೀಟು ಬಿಸಿ ಮಾಡಲು ತಿಂಗಳಿಗೆ ಸುಮಾರು 18 ಡಾಲರ್ ಇಟ್ಟಿತು. ಬಿಸಿ ಮಾಡುವ ತಂತಿ ಸೀಟಿನೊಳಗೇ ಇದೆ. ಕಾರಿನ ಜೊತೆ ಅದೂ ಮನೆಗೆ ಬಂದಿದೆ. ಬಿಸಿ ಮಾತ್ರ ಬೇರೆ. ಜನ ಬೈದರು, ಮರುವರ್ಷ ಕಂಪನಿ ಕೈಬಿಟ್ಟಿತು. ನಾನಂತೂ ಬಹಳ ಯೋಚಿಸಿದೆ. ಏಪ್ರಿಲ್ ತಿಂಗಳು ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡಿನ ಎದುರು ಸ್ಕೂಟರ್ ಹತ್ತು ನಿಮಿಷ ನಿಲ್ಲಿಸಿ ಬಂದು ಕೂತು ನೋಡಿ. ಆ ಬಿಸಿಗೆ ಎಷ್ಟು ಡಾಲರ್ ಆದೀತು? ನಾವು ವರ್ಷಗಟ್ಟಲೆ ಪುಕ್ಕಟೆ ಅನುಭವಿಸಿದ್ದೇವೆ. ಸೂರ್ಯನಿಗೆ ವ್ಯಾಪಾರ ಗೊತ್ತಿಲ್ಲ ಪಾಪ.

ಹೋದ ವರ್ಷ ಒಮ್ಮೆ ನನ್ನ ಆ ಸಾಫ್ಟ್‌ವೇರಿನ ಚಂದಾ ಬಿಟ್ಟುಬಿಡಲು ನೋಡಿದ್ದೆ. ಸೇರುವಾಗ ಒಂದೇ ಗುಂಡಿ, ದೊಡ್ಡದು, ನೀಲಿ. ನಮ್ಮ ಕಡೆ ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವ ಹಾಗೆ ಏಳು ದಿನ ಪುಕ್ಕಟೆ. ಹೊರಡುವಾಗ ಬಾಗಿಲೇ ಇಲ್ಲ. ಹುಡುಕಿ ಹುಡುಕಿ ಸಿಕ್ಕಿದ ಬಾಗಿಲಿನಲ್ಲಿ ಕೇಳಿತು: ಯಾಕೆ ಹೊರಟಿರಿ? ಕಾರಣ ಹೇಳಿದೆ. ಎರಡು ತಿಂಗಳು ಪುಕ್ಕಟೆ ಕೊಟ್ಟರೆ ಇರುತ್ತೀರಾ? ಇಲ್ಲ ಅಂದೆ. ನಿಜವಾಗಿಯೂ? ಹೌದು ಅಂದೆ. ಹಾಗಾದರೆ ವರ್ಷದ ಕರಾರು ನಡುವೆ ಮುರಿದದ್ದಕ್ಕೆ ಇಷ್ಟು ದಂಡ. ನಾನು ತಿಂಗಳ ಲೆಕ್ಕ ಅಂದುಕೊಂಡಿದ್ದೆ! ಸುಮ್ನೆ ವಾಪಸು ಬಂದು ಕೂತೆ.

ನನ್ನಂಥ ದಡ್ಡರು ಅಮೆರಿಕದಲ್ಲೂ ಇದ್ದಾರೆ ಎಂಬುದೊಂದು ಸಮಾಧಾನ. ದಂಡದ ವಿಷಯ ಮರೆಮಾಚಿ ಗ್ರಾಹಕರನ್ನು ಸೇರಿಸಿಕೊಂಡಿದ್ದಾರೆ ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2024ರ ಜೂನ್‌ನಲ್ಲಿ ಅಡೋಬಿಯನ್ನು ಕೋರ್ಟಿಗೆ ಎಳೆಯಿತು. ಕಂಪನಿ ಆರೋಪ ಒಪ್ಪಲಿಲ್ಲ. ನಮ್ಮ ಕೇಂದ್ರ ಸರ್ಕಾರವೂ ಕೈಕಟ್ಟಿ ಕೂತಿಲ್ಲ. 2023ರ ನವೆಂಬರ್ 30ರಂದು ಇಂಥ 13 ಮೋಸದ ಆಟಗಳ ಪಟ್ಟಿ ಹೊರಡಿಸಿತು. ಅದರಲ್ಲಿ 'ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್', ಅಂದರೆ ಚಂದಾ ಬಿಡಲಾಗದಂತೆ ಸಿಕ್ಕಿಸುವುದು, ಕೂಡ ಇದೆ. ನಮ್ಮಲ್ಲಿ ಅಷ್ಟಮಂಗಲ ಪ್ರಶ್ನೆ ಇಡುತ್ತಾರಲ್ಲ, ಹಾಗೆ. ಉಪದ್ರ ಕೊಡುವುದು ಯಾವ ಭೂತ, ಯಾವ ದಿಕ್ಕಿನದ್ದು ಎಂದು ಪಕ್ಕಾ ಗೊತ್ತಾಗುತ್ತದೆ. ಭೂತ ಅಲ್ಲೇ ಇರುತ್ತದೆ.

ಇನ್ನು ಆ ಮಂಗಳವಾರಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಹೇಳಿದ್ದು ಅದನ್ನು ಹೇಳಲು ಮನಸ್ಸಿಲ್ಲದೆ.

ಪಕ್ಕದ ಊರಿನ ಹುಡುಗ ಬಂದಿದ್ದ. ರಾತ್ರಿ ಅಪ್ಪ ತೀರಿಕೊಂಡಿದ್ದರು. ಮನೆಯಲ್ಲಿದ್ದ ಒಂದೇ ಒಳ್ಳೆಯ ಫೋಟೋ ಯಾರದೋ ಮದುವೆಯ ಗುಂಪಿನದ್ದು. ಅಪ್ಪ ನಗುತ್ತಿದ್ದಾರೆ. ಭುಜದ ಮೇಲೆ ಬೇರೆ ಯಾರದೋ ಕೈ. ಆ ಕೈ ತೆಗೆದು, ಅಪ್ಪನನ್ನು ಮಾತ್ರ ಉಳಿಸಿ, ದೊಡ್ಡದು ಮಾಡಿ ಕೊಡಬೇಕು. ಅರ್ಧ ಗಂಟೆಯ ಕೆಲಸ. ಸಾವಿರ ಸಲ ಮಾಡಿದ ಕೆಲಸ. ಹುಡುಗ ಎದುರಿನ ಬೆಂಚಿನಲ್ಲಿ ಕೂತಿದ್ದ, ಮೊಬೈಲ್ ಕೂಡ ನೋಡುತ್ತಿರಲಿಲ್ಲ. ನಾನು ಬಿಳಿ ಚೌಕ ನೋಡುತ್ತಿದ್ದೆ. ಇದ್ದಬದ್ದ ಕಾರ್ಡೆಲ್ಲ ಹಾಕಿದೆ. ತಗೊಳ್ಳಲಿಲ್ಲ. ಸಹಾಯಕ್ಕೆ ಚಾಟ್ ಮಾಡಿದೆ. ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಎಂದು ಯಂತ್ರ ಉತ್ತರಿಸಿತು.

ಏನು ಅರ್ಥವಾಗುತ್ತದೆ ಅದಕ್ಕೆ? ಕಂಪ್ಯೂಟರ್ ನನ್ನದು. ಕರೆಂಟು ಬಿಲ್ಲು ನನ್ನದು. ಸಾಫ್ಟ್‌ವೇರ್ ನನ್ನ ಡಿಸ್ಕಿನಲ್ಲೇ ಬಿದ್ದಿದೆ. ಏಳು ವರ್ಷ, ಒಂದು ತಿಂಗಳೂ ತಪ್ಪದೆ ಕಟ್ಟಿದ್ದೇನೆ. ಎರಡು ದಿನ ತಡವಾದದ್ದಕ್ಕೆ ಬೀಗ. ಅಜ್ಜನ ಧಣಿಯೂ ಸಾವಿನ ಮನೆಯೆಂದರೆ ಬೊಜ್ಜದ ಉತ್ತರಕ್ರಿಯೆ ಕಳೆಯುವವರೆಗೆ ಕಾಯುತ್ತಿದ್ದರು.

ಕೈ ಇದ್ದ ಹಾಗೇ ಪ್ರಿಂಟ್ ಹಾಕಿ ಕೊಟ್ಟೆ. ದುಡ್ಡು ತಗೊಳ್ಳಲಿಲ್ಲ. ಹುಡುಗ ಏನೂ ಹೇಳಲಿಲ್ಲ.

ಅದೇ ರಾತ್ರಿ ಒಂದೇ ಸಲ ದುಡ್ಡು ಕೊಡುವ ಬೇರೊಂದು ಸಾಫ್ಟ್‌ವೇರ್ ಕೊಂಡೆ, ಮೈದುನನ ಕಾರ್ಡಿನಲ್ಲಿ. ಈ ಸಲ ಷರತ್ತು ಓದಿದೆ, ಕನ್ನಡಕ ಹಾಕಿ. ಇದನ್ನು ನಿಮಗೆ ಮಾರಿಲ್ಲ, ಬಳಸಲು ಅನುಮತಿ ಕೊಟ್ಟಿದ್ದೇವೆ ಎಂದಿದೆ. ಮುಂದಿನ ದೊಡ್ಡ ಆವೃತ್ತಿಗೆ ಮತ್ತೆ ದುಡ್ಡು. ಅಂದರೆ ಇದೂ ಕ್ರಯವಲ್ಲ, ಮೂಲಗೇಣಿ. ಇರಲಿ, ಎಬ್ಬಿಸುವುದಿಲ್ಲವಲ್ಲ. ಆದರೆ ಇದರಲ್ಲಿ ಮದುವೆ ಆಲ್ಬಮ್ಮಿಗೆ 'ಲಕ್ಷ್ಮೀ' ಎಂದು ಬರೆದರೆ ಒತ್ತಕ್ಷರಗಳು ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ದೂರ ದೂರ ನಿಲ್ಲುತ್ತವೆ. ಹೆಸರು ಬರೆಯಲು ಮಾತ್ರ ಗಿಂಪ್ ಎಂಬ ಇನ್ನೊಂದು ಫೋಟೋ ಸಾಫ್ಟ್‌ವೇರ್ ಇಟ್ಟುಕೊಂಡಿದ್ದೇನೆ. 1996ರಿಂದ ಪುಕ್ಕಟೆ ಇರುವ ಆ ಬಡಪಾಯಿಗೆ ಕನ್ನಡದ ಒತ್ತು ಸರಿಯಾಗಿ ಬರುತ್ತದೆ.

ಅಫಿನಿಟಿ ಯಾಕೆ ತಗೊಳ್ಳಲಿಲ್ಲ ಎಂದು ಮೈದುನ ಕೇಳಿದ. ಅದೂ ಫೋಟೋ ತಿದ್ದುವಂಥದ್ದೇ, ಒಂದೇ ಸಲದ ಕ್ರಯಕ್ಕೆ ಹೆಸರಾಗಿತ್ತು. 2024ರಲ್ಲಿ ಕ್ಯಾನ್ವಾ ಎಂಬ ಆನ್‌ಲೈನ್ ಡಿಸೈನ್ ಕಂಪನಿ ಅದರ ಕಂಪನಿಯನ್ನೇ ಕೊಂಡಿತು. 2025ರ ಅಕ್ಟೋಬರ್ ಕೊನೆಗೆ ಎಲ್ಲರಿಗೂ ಪುಕ್ಕಟೆ ಎಂದಿತು. ಖಾತೆ ತೆರೆಯಬೇಕು, ಎಐ ಆಟ ಬೇಕಿದ್ದರೆ ಚಂದಾ. ಒಳ್ಳೆಯದೇ ಇರಬಹುದು. ನನಗೆ ಮಾತ್ರ, ಪುಕ್ಕಟೆ ಊಟಕ್ಕೆ ಕರೆದವರು ಎಲೆಯ ತುದಿಗೆ ಬಡಿಸಿದ್ದು ಉಪ್ಪೋ ಇನ್ನೇನೋ ಎಂದು ನೋಡುವ ಚಾಳಿ ಬಂದುಬಿಟ್ಟಿದೆ.

ಹಳೆಯ ಆಲ್ಬಮ್ಮುಗಳ ಕತೆ ಬೇರೆ. ಏಳು ವರ್ಷದ ಕೆಲಸವೆಲ್ಲ ಹಳೆ ಧಣಿಯ ಫೈಲಿನಲ್ಲಿದೆ. ಹೊಸದರಲ್ಲಿ ತೆರೆದರೆ ಪದರಗಳೆಲ್ಲ ಒಂದಕ್ಕೊಂದು ಅಂಟಿ ಹಲಸಿನ ಮೇಣವಾಗುತ್ತವೆ. ಹಾಗಾಗಿ ಹೊಸ ಕಾರ್ಡು ಬಂದ ದಿನ ಮತ್ತೆ ಒಂದು ತಿಂಗಳ ಗೇಣಿ ಕಟ್ಟಿದ್ದೇನೆ. ಒಂದೇ ತಿಂಗಳಿಗಾದರೆ ದರ ಜಾಸ್ತಿ, ಹೌದು. ಹಗಲು ಸ್ಟುಡಿಯೋ, ರಾತ್ರಿ ಸಾಗಾಟ. ಮೂರು ವರ್ಷದ್ದು ಹೊರಗೆ ಬಂದಿದೆ, ಕರೆಂಟು ಕೈಕೊಡದಿದ್ದರೆ ತಿಂಗಳೊಳಗೆ ಮುಗಿದೀತು. ಅಷ್ಟರಲ್ಲಿ ಬಿಸು ಬರುತ್ತದೆ. ಸೌತೆಕಾಯಿ ಎಲ್ಲಿಗೆ ಕಳಿಸಬೇಕು ಎಂದು ಅವರ ವಿಳಾಸ ಹುಡುಕುತ್ತಿದ್ದೇನೆ.