ಬುದ್ಧಿ ಹೇಳದೆ ಸಂಬಳ ಪಡೆಯುವವನ ಮಾತು

ಕಳೆದ ಸಲ ಬೆಂಗಳೂರಿಗೆ ಬಂದಿದ್ದಾಗ, ಬಸವೇಶ್ವರನಗರದಲ್ಲಿ ತಂಗಿಯ ಮಗನ ನಾಮಕರಣದ ಪಂಕ್ತಿಯಲ್ಲಿ ಕುಳಿತಿದ್ದ ನಮ್ಮ ದೊಡ್ಡಪ್ಪ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ನನ್ನತ್ತ ತಿರುಗಿ, "ಆ ಹುಡುಗರ ಜೈಲಲ್ಲಿ ಇಷ್ಟು ವರ್ಷ ಇದ್ದೀಯಲ್ಲ, ಎಷ್ಟು ಜನಕ್ಕೆ ಬುದ್ಧಿ ಹೇಳಿ ದಾರಿಗೆ ತಂದೆಯಪ್ಪಾ?" ಎಂದು ಕೇಳಿದರು. ದೊಡ್ಡಪ್ಪ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಬುದ್ಧಿ ಹೇಳುವುದು ನನ್ನ ಕೆಲಸವಲ್ಲ, ಹೇಳದಿರುವುದನ್ನೇ ತರಬೇತಿಯಲ್ಲಿ ಕಲಿಸಿದ್ದಾರೆ ಎಂದೆ. "ಹಾಗಿದ್ರೆ ಸಂಬಳ ಯಾತಕ್ಕೆ ಕೊಡ್ತಾರೆ?" ಎಂದರು. ಪಂಕ್ತಿಯವರೆಲ್ಲ ನಕ್ಕರು. ನಾನೂ ನಕ್ಕೆನಾದರೂ ಮಾತು ಚುಚ್ಚಿತು, ಏಕೆಂದರೆ ಆ ಪ್ರಶ್ನೆ ದೊಡ್ಡಪ್ಪನವರೊಬ್ಬರದಲ್ಲ. ದಾರಿ ತಪ್ಪಿದ ಹುಡುಗನೆಂದರೆ ಬುದ್ಧಿವಾದ ಕೇಳಲು ಬಾಕಿ ಉಳಿದಿರುವವನು ಎಂದು ನಮ್ಮ ಊರಿಗೆ ಊರೇ ನಂಬಿಕೊಂಡಿದೆ.

ಸಿಡ್ನಿಯ ಪಶ್ಚಿಮದ ಬಡಾವಣೆಗಳ ಕಡೆ ಇರುವ ಯುವ ಬಂಧನ ಕೇಂದ್ರವೊಂದರಲ್ಲಿ ನಾನು ಯೂತ್ ಆಫೀಸರ್. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 10 ವರ್ಷ ತುಂಬಿದ ಮಗುವಿನ ಮೇಲೂ ಅಪರಾಧ ಹೊರಿಸಬಹುದು. ಆದರೆ ನನ್ನ ಘಟಕಕ್ಕೆ ಬರುವವರು ಹೆಚ್ಚಾಗಿ 16, 17ರ ಹುಡುಗರು. ಪಾಳಿ ಶುರುವಾದೊಡನೆ ಹಿಂದಿನ ಪಾಳಿಯವರು ಬರೆದಿಟ್ಟದ್ದನ್ನು ಓದಬೇಕು. ಕೀಲಿಗೊಂಚಲು ಮತ್ತು ವಾಕಿಟಾಕಿ ತೆಗೆದುಕೊಂಡು ತಲೆ ಎಣಿಸಬೇಕು. ಆಮೇಲೆ ದಿನವಿಡೀ ಹುಡುಗರ ಜೊತೆಗಿರಬೇಕು. ಆವರಣದೊಳಗಿನ ಶಾಲೆಗೆ ಕರೆದೊಯ್ಯುವುದು, ಅವರೊಡನೆ ಇಸ್ಪೀಟು ಆಡುವುದು, ವಿಡಿಯೊ ಮೂಲಕ ನ್ಯಾಯಾಲಯಕ್ಕೆ ಹಾಜರಾಗುವ ಹುಡುಗನ ಬಳಿ ಸುಮ್ಮನೆ ಕೂರುವುದು, ಇವೇ ನನ್ನ ಕೆಲಸ. ಅವನು ಮಾಡಿದ ತಪ್ಪಿನ ಬಗ್ಗೆ ನಾನಾಗಿ ಮಾತೆತ್ತುವಂತಿಲ್ಲ. ಬಾಗಿಲು ಹಾಕಿದ್ದು ಯಾವಾಗ, ಯಾಕೆ, ತೆರೆದದ್ದು ಯಾವಾಗ, ಆತ ಊಟ ಮಾಡಿದನೇ, ನಿದ್ದೆ ಮಾಡಿದನೇ, ಯಾರೊಂದಿಗೆ ಜಗಳವಾಡಿದ, ಅದಕ್ಕೆ ಮುಂಚೆ ಏನಾಗಿತ್ತು ಎಂಬುದನ್ನೆಲ್ಲ ಮಾತ್ರ ಬರೆದಿಡಬೇಕು.

ಇಲ್ಲಿನ 1987ರ ಮಕ್ಕಳ ಬಂಧನ ಕೇಂದ್ರಗಳ ಕಾಯ್ದೆಯಲ್ಲಿ ಮಾಡಬಾರದ ಶಿಕ್ಷೆಗಳ ಪಟ್ಟಿಯೇ ಇದೆ. ಹೊಡೆಯುವಂತಿಲ್ಲ, ಹಿಡಿದು ಅಲುಗಿಸುವಂತಿಲ್ಲ, ಊಟ ತಪ್ಪಿಸುವಂತಿಲ್ಲ. ಬಲವಂತವಾಗಿ ನಿಲ್ಲಿಸುವುದೂ ಆ ಪಟ್ಟಿಯಲ್ಲಿದೆ. ಮೊದಲ ಬಾರಿಗೆ ಅದನ್ನು ಓದಿದಾಗ ನನಗೆ ನೆನಪಾದದ್ದು ಯಾವ ಜೈಲೂ ಅಲ್ಲ, ನಮ್ಮ ಏಳನೇ ತರಗತಿಯ ಬೆಂಚು. ತಪ್ಪಿಗೆ ಶಿಕ್ಷೆಯಾಗಿ ಕೋಣೆಯಲ್ಲಿ ಕೂಡಿಡುವುದಾದರೆ 16 ತುಂಬದವರಿಗೆ 12 ಗಂಟೆ, ತುಂಬಿದವರಿಗೆ 24 ಗಂಟೆ ಮೀರುವಂತಿಲ್ಲ. ಆ ಗಂಟೆಗಳನ್ನು ಕೈಯಾರೆ ಬರೆದು ಸಹಿ ಹಾಕುವವನಿಗೆ ಕಾಯ್ದೆ ದೂರದ ಗ್ರಂಥವಾಗಿ ಉಳಿಯುವುದಿಲ್ಲ.

ಕರ್ನಾಟಕದ ಸ್ಥಿತಿ ನನಗೆ ಗೊತ್ತಿರುವುದು ಗೆಳೆಯನೊಬ್ಬನಿಂದ. ಮೈಸೂರಿನಲ್ಲಿ ನನ್ನೊಡನೆ ಎಂ.ಎಸ್.ಡಬ್ಲ್ಯು. ಓದಿದ ಅವನು ಈಗ ಒಂದು ವೀಕ್ಷಣಾಲಯದಲ್ಲಿ, ಅಂದರೆ ಆರೋಪ ಹೊತ್ತ ಮಕ್ಕಳನ್ನು ವಿಚಾರಣೆ ಮುಗಿಯುವವರೆಗೆ ಇರಿಸುವ ಸರ್ಕಾರಿ ಮನೆಯಲ್ಲಿ, ಹೊರಗುತ್ತಿಗೆಯ ಆಪ್ತಸಮಾಲೋಚಕ. ಅಲ್ಲಿಗೆ ಬರುವ ಹುಡುಗನಿಗೆ ಬುದ್ಧಿವಾದ ಗೇಟಿನಲ್ಲೇ ಶುರುವಾಗುತ್ತದೆಯಂತೆ. ಕರೆತಂದ ಪೊಲೀಸಿನವರು ಹೇಳುತ್ತಾರೆ, ಕಾವಲುಗಾರ ಹೇಳುತ್ತಾನೆ, ಅನ್ನ ಬಡಿಸುವ ಅಡುಗೆಯವರು "ನಿಮ್ಮಮ್ಮ ಹೂ ಮಾರಿ ಸಾಕವ್ಳೆ, ನೀನು ಮೊಬೈಲ್ ಕದೀತೀಯಾ?" ಎಂದು ಕೇಳುತ್ತಾರೆ. ಮಗಳ ಹುಟ್ಟುಹಬ್ಬವೆಂದೋ ತಂದೆಯ ತಿಥಿಯೆಂದೋ ಅನುಮತಿ ಪಡೆದು ಊಟ ಹಾಕಿಸಲು ಬಂದ ಮಹನೀಯರು, ಪಾಯಸಕ್ಕೆ ಮುಂಚೆ ಹುಡುಗರನ್ನು ಸಾಲಾಗಿ ಕೂರಿಸಿ ಅರ್ಧ ಗಂಟೆ ಮಾತಾಡುತ್ತಾರೆ. ಆ ಅರ್ಧ ಗಂಟೆಯಲ್ಲಿ ಹುಡುಗರು ತಲೆ ತಗ್ಗಿಸುವುದನ್ನೂ "ಇನ್ಮೇಲೆ ಮಾಡಲ್ಲ ಸಾರ್" ಎನ್ನುವುದನ್ನೂ ಪಕ್ಕಾ ಕಲಿಯುತ್ತಾರೆ. ಮಾತಾಡಿದವರು ಹಗುರಾಗಿ ಮನೆಗೆ ಹೋಗುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಗೆಳೆಯ ಹೇಳಿದ ಒಂದು ಪ್ರಸಂಗವಿದೆ. ಹೊಸದಾಗಿ ಬಂದ ಹುಡುಗನೊಬ್ಬ ರಾತ್ರಿಯೆಲ್ಲ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ, ಬೆಳಗ್ಗೆ ಮಂಕಾಗಿ ಕೂತಿರುತ್ತಿದ್ದ. ರಾತ್ರಿಯವರು ಅದನ್ನು ಹಗಲಿನವರಿಗೆ ಹೇಳಲಿಲ್ಲ, ಬರೆದಿಡಲೂ ಇಲ್ಲ. ಅವನಿಗೆ ಮಾತ್ರ ಹೆತ್ತವರ ಕಷ್ಟ, ಕೆಟ್ಟವರ ಸಹವಾಸ, ಓದಿನ ಮಹತ್ವ ಎಲ್ಲದರ ಮೇಲೂ ಉಪದೇಶವಾಯಿತು. ಪಂಕ್ಚರ್ ಅಂಗಡಿಯ ಸಲ್ಯೂಷನ್ ಮೂಸುತ್ತಿದ್ದವನಿಗೆ ಅದು ಒಮ್ಮೆಲೇ ತಪ್ಪಿದ್ದರಿಂದ ಹಾಗಾಗುತ್ತಿತ್ತು ಎಂಬುದು ಗೊತ್ತಾಗುವಷ್ಟರಲ್ಲಿ ಒಂದು ವಾರವೇ ಕಳೆದಿತ್ತು.

ನನ್ನ ಘಟಕದಲ್ಲಿಯೂ ಒಬ್ಬನಿದ್ದ. ವಾರವೆಲ್ಲ ಸರಿಯಾಗಿರುತ್ತಿದ್ದವನು ಇದ್ದಕ್ಕಿದ್ದಂತೆ ಕುರ್ಚಿ ಎತ್ತಿ ಎಸೆಯುತ್ತಿದ್ದ. ರಾತ್ರಿ ಪಾಳಿಯ ಸಹೋದ್ಯೋಗಿಯೊಬ್ಬರು ಹಳೆಯ ಪುಟಗಳನ್ನೆಲ್ಲ ತಿರುವಿ, ಈ ಗಲಾಟೆ ಶುಕ್ರವಾರ ಸಂಜೆಯೇ ಆಗುತ್ತಿದೆ ಎಂದು ಕಂಡುಹಿಡಿದರು. ಶನಿವಾರ ಮನೆಯವರು ಬರುವ ದಿನ, ಅವನಿಗೆ ಬರುವವರು ಯಾರೂ ಇರಲಿಲ್ಲ. ಅಜ್ಜಿ ಇದ್ದದ್ದು ನೂರಾರು ಕಿಲೋಮೀಟರ್ ಆಚೆ. ಶುಕ್ರವಾರ ಮಧ್ಯಾಹ್ನವೇ ಅಜ್ಜಿಯೊಡನೆ ವಿಡಿಯೊದಲ್ಲಿ ಮಾತಾಡಿಸತೊಡಗಿದ ಮೇಲೆ ಕುರ್ಚಿಗಳು ನೆಲದ ಮೇಲೆಯೇ ಉಳಿದವು. ಆ ಹುಡುಗನಿಗೆ ಸಿಟ್ಟು ಮಾಡಿಕೊಳ್ಳಬೇಡವೆಂದು ಯಾರೂ ಹೇಳಲಿಲ್ಲ. ದೊಡ್ಡಪ್ಪನವರ ಪ್ರಶ್ನೆಗೆ ಉತ್ತರ ಇದೇ, ಸಂಬಳ ಕೊಡುವುದು ಇದಕ್ಕೆ.

ನಮ್ಮಲ್ಲಿ ಕಾನೂನು ಕೆಟ್ಟದ್ದೆಂದು ಯಾರೂ ಭಾವಿಸಬಾರದು. ದೆಹಲಿಯ 2012ರ ಪ್ರಕರಣದ ಆಕ್ರೋಶದ ನಡುವೆ ರೂಪುಗೊಂಡರೂ 2015ರ ಬಾಲ ನ್ಯಾಯ ಕಾಯ್ದೆ ಹಲವು ಕಡೆ ವಿವೇಕದಿಂದ ಕೂಡಿದೆ: ಮಗುವನ್ನು ಲಾಕಪ್ಪಿನಲ್ಲಿಡುವಂತಿಲ್ಲ, ಗುರುತು ಬಯಲು ಮಾಡುವಂತಿಲ್ಲ, ಬಾಲ ನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಕಾರ್ಯಕರ್ತರು ಕೂರಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು, ಹುಡುಗನ ಮನೆ, ಶಾಲೆ, ಸಹವಾಸವನ್ನು ವಿಚಾರಿಸಿದ ಸಾಮಾಜಿಕ ತನಿಖಾ ವರದಿ 15 ದಿನಗಳಲ್ಲಿ ಬರಬೇಕು. ಬೆಂಗಳೂರಿನ ಮಟ್ಟಿಗೆ ಪರಿಣತರ ಕೊರತೆಯನ್ನೂ ಹೇಳಲಾಗದು, ನಿಮ್ಹಾನ್ಸ್‌ನಿಂದ ಮಡಿವಾಳದ ವೀಕ್ಷಣಾಲಯಕ್ಕೆ ಹೊಸೂರು ರಸ್ತೆಯಲ್ಲಿ ಕೆಲವೇ ಕಿಲೋಮೀಟರ್ ದೂರ. ಕೊರತೆಯಿರುವುದು ಹುಡುಗರ ಜೊತೆ ಹಗಲು ರಾತ್ರಿ ಇರುವವನ ಕೆಲಸವನ್ನು ಒಂದು ವೃತ್ತಿಯೆಂದು ಕಾಣುವ ಕಣ್ಣಿನಲ್ಲಿ. ಬೈಯಲು ಬಾಯಿ, ಕಾಯಲು ಕಣ್ಣು ಇದ್ದರೆ ಸಾಕು, ಅದಕ್ಕೆ ತರಬೇತಿಯೇಕೆ ಎಂದು ನಾವು ನಿರ್ಧರಿಸಿಬಿಟ್ಟಿದ್ದೇವೆ.

ಇದನ್ನೆಲ್ಲ ಗೆಳೆಯನ ಮುಂದೆ ಹೇಳಿದಾಗ ಅವನು ಸಮ್ಮತಿಸಲಿಲ್ಲ. ಆ ಕಾಯ್ದೆಯಡಿಯ 2016ರ ಮಾದರಿ ನಿಯಮಗಳ ಪ್ರಕಾರ 100 ಮಕ್ಕಳ ಸಂಸ್ಥೆಗೆ, ಮಕ್ಕಳ ಜೊತೆಗಿದ್ದು ನೋಡಿಕೊಳ್ಳುವ ಗೃಹಪಾಲಕರು 4 ಮಂದಿ. ಮೂರು ಪಾಳಿ, ವಾರದ ರಜೆ, ಕಾಯಿಲೆ ಕಸಾಲೆ ಕಳೆದರೆ ರಾತ್ರಿಗೆ ಉಳಿಯುವವನು ಒಬ್ಬ, ಹುದ್ದೆ ಖಾಲಿಯಿದ್ದರೆ ಅವನೂ ಇಲ್ಲ. "ಅವನು ಬರೀತಾ ಕೂತ್ರೆ ಹುಡುಗರನ್ನ ಯಾರಪ್ಪಾ ನೋಡೋದು?" ಎಂದ. ಬರೆಯಲು ಜನ ಬೇಕು, ಜನ ಬೇಕೆಂದು ಕೇಳಲು ಬರೆದದ್ದು ಬೇಕು ಎಂದು ನಾನು ವಾದಿಸಿದೆ. ಸಿಡ್ನಿಯ ಸಂಬಳದಲ್ಲಿ ಕುಳಿತು ಹಾಗೆ ವಾದಿಸುವುದು ಸುಲಭ ಎಂಬುದು ಅವನ ಮುಖದಲ್ಲಿ ಕಾಣುತ್ತಿತ್ತು.

ಒಪ್ಪಿಕೊಳ್ಳಲೇಬೇಕಾದ ಸಂಗತಿಗಳೂ ಇವೆ, ಇಷ್ಟವಿಲ್ಲದಿದ್ದರೂ ಬರೆಯುತ್ತೇನೆ. ನಮ್ಮ 2015ರ ಕಾಯ್ದೆಯಲ್ಲಿ ಕೆಲವು ಸಂದರ್ಭಗಳನ್ನು ಬಿಟ್ಟರೆ ಮಗುವಿಗೆ ಜಾಮೀನೇ ನಿಯಮ, ಆರೋಪ ಜಾಮೀನುರಹಿತವಾಗಿದ್ದರೂ ಸರಿಯೇ. ನ್ಯೂ ಸೌತ್ ವೇಲ್ಸ್‌ನಲ್ಲಿ 2024ರಲ್ಲಿ, ಜಾಮೀನಿನ ಮೇಲಿರುವಾಗ ಮತ್ತೆ ಕಳವಿನ ಕೆಲವು ಆರೋಪಗಳಿಗೆ ಸಿಲುಕುವ ಹದಿಹರೆಯದವರಿಗೆ ಜಾಮೀನು ಸಿಗುವುದನ್ನೇ ಕಠಿಣಗೊಳಿಸಿದರು. ಅಲ್ಲಿನ ಬಂಧನ ಕೇಂದ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೂಲನಿವಾಸಿ ಸಮುದಾಯದವರು. ರಾಜ್ಯದ ಅದೇ ವಯಸ್ಸಿನ ಮಕ್ಕಳಲ್ಲಿ ಅವರು ನೂರಕ್ಕೆ ಹತ್ತರಷ್ಟೂ ಇಲ್ಲ. ನಾವು ಎಷ್ಟು ಅಚ್ಚುಕಟ್ಟಾಗಿ ಬರೆದಿಟ್ಟರೂ ಆ ಲೆಕ್ಕ ತಿದ್ದಿಲ್ಲ. 2019ರ ಜುಲೈಯಲ್ಲಿ ಅದೇ ರಾಜ್ಯದ ಫ್ರ್ಯಾಂಕ್ ಬ್ಯಾಕ್ಸ್ಟರ್ ಎಂಬ ಯುವ ಬಂಧನ ಕೇಂದ್ರದ ಹುಡುಗರು ದಂಗೆಯೆದ್ದು ಚಾವಣಿ ಏರಿದಾಗಲೂ ಅಲ್ಲಿ ಪಾಳಿಯ ಪುಸ್ತಕಗಳು ಇದ್ದೇ ಇದ್ದವು. ಬಿಡುಗಡೆಯಾಗಿ ಹೋಗಿ ಕೆಲವೇ ತಿಂಗಳಲ್ಲಿ ಮರಳಿ ಬಂದ ಹುಡುಗನೊಬ್ಬ ಒಂದು ಸಂಜೆ ಇಸ್ಪೀಟೆಲೆ ಕಲೆಸುತ್ತಾ ನನಗೆ ಹೇಳಿದ: ಇಲ್ಲಿ ಯಾರೂ ನನ್ನ ಮೇಲೆ ಸಿಟ್ಟಾಗುವುದಿಲ್ಲ, ಬರೆದುಕೊಳ್ಳುತ್ತೀರಿ ಅಷ್ಟೇ. ತರಬೇತಿಯಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ನಮ್ಮ ಅಡುಗೆಯವರಾಗಿದ್ದರೆ ಅವನನ್ನು ಚೆನ್ನಾಗಿ ಬೈದು, ಇನ್ನೊಂದು ಸೌಟು ಸಾರು ಹಾಕುತ್ತಿದ್ದರು.

ಗೆಳೆಯನಿಗೆ ಅವನ ಹಳೆಯ ಹುಡುಗರಿಂದ ಲಗ್ನಪತ್ರಿಕೆಗಳು ಬರುತ್ತವೆ. ಆನೇಕಲ್ ಕಡೆಯ ಒಂದು ಮದುವೆಗೆ ಹೋಗಿದ್ದನಂತೆ. ಕಾಯ್ದೆಯ ಪ್ರಕಾರ ಹಳೆಯ ದಾಖಲೆಯನ್ನು ನಾಶಪಡಿಸಬೇಕಾದ್ದರಿಂದ ತನ್ನ ಪರಿಚಯವನ್ನು ಹೇಗೆ ಹೇಳಿಕೊಳ್ಳುವುದೆಂದು ಯೋಚಿಸುತ್ತಿರುವಾಗಲೇ ಮದುಮಗ ಬಂದು, ಇವರು ನಮ್ಮ ಮೇಷ್ಟ್ರು ಎಂದು ಬೀಗರಿಗೆ ಪರಿಚಯಿಸಿ ಮೊದಲ ಪಂಕ್ತಿಯಲ್ಲೇ ಕೂರಿಸಿದನಂತೆ. ನನಗೆ ಅಂಥ ಪತ್ರಿಕೆ ಬಂದರೆ ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಬೇಕು, ಮದುವೆಗೆ ಹೋಗುವಂತಿಲ್ಲ. ಇದುವರೆಗೆ ಹಾಗೆ ತಿಳಿಸುವ ಸಂದರ್ಭ ಬಂದಿಲ್ಲ.