ಕಾಲು ಸುತ್ತು

ನಮ್ಮ ಮನೆಯ ಡೀಸೆಲ್ ಜೀಪು ನನಗಿಂತ ಹತ್ತು ವರ್ಷ ಚಿಕ್ಕದು. ಮಂಡಿ ನೋವು ಮಾತ್ರ ಇಬ್ಬರಿಗೂ ಒಟ್ಟಿಗೇ ಶುರುವಾಯಿತು. ತೀರ್ಥಹಳ್ಳಿ ಪೇಟೆಗೆ ಹೋಗಲು, ಅಡಿಕೆ ಮೂಟೆ ಹೇರಲು ಅದೇ ಬೇಕು. ಕಳೆದ ಮಳೆಗಾಲ ಮುಗಿಯುತ್ತಿದ್ದ ಹಾಗೆ ಅದಕ್ಕೊಂದು ಹೊಸ ಚಾಳಿ ಹತ್ತಿತು. ಆಕ್ಸಿಲರೇಟರ್ ಮೇಲೆ ಕಾಲಿಡದಿದ್ದರೂ ಎಂಜಿನ್ ಗುರ್ರೋ ಎನ್ನುತ್ತಿತ್ತು. ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಸಾಕು, ಹಗ್ಗ ಬಿಚ್ಚಿದ ಕರುವಿನ ಹಾಗೆ ನುಗ್ಗುತ್ತಿತ್ತು.

ಮೇಸ್ತ್ರಿಗೆ ಫೋನ್ ಮಾಡಿದೆ. ಫೋನಿನಲ್ಲೇ ಶಬ್ದ ಕೇಳಿಸಿಕೊಂಡು, "ಸ್ಲೋ ಜಾಸ್ತಿ ಆಗಿದೆ ಸಾರ್" ಅಂದರು. ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ತಾನಾಗಿ ಓಡುವ ವೇಗಕ್ಕೆ, ಅಂದರೆ ಐಡ್ಲಿಂಗ್ ಸ್ಪೀಡಿಗೆ, ಗ್ಯಾರೇಜಿನಲ್ಲಿ ಬರೀ 'ಸ್ಲೋ' ಅಂತಾರೆ. ಸ್ಲೋ ಜಾಸ್ತಿ ಆಯಿತು ಅಂದರೆ ಎಂಜಿನ್ ಜೋರಾಯಿತು ಎಂದರ್ಥ. ಇದು ನನ್ನ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

"ನಾಳೆ ಬರ್ತೀನಿ" ಎಂದವರನ್ನು ನಾನೇ ತಡೆದೆ. ಭಾನುವಾರ, ಕೈಯಲ್ಲಿ ಸ್ಪ್ಯಾನರ್ ಇದೆ, ಸುಮ್ನೆ ಯಾಕೆ ಅವರಿಗೆ ತೊಂದರೆ, ಅಲ್ವಾ?

"ಹಂಗಾದ್ರೆ ಕೇಳಿ. ಡೀಸೆಲ್ ಪಂಪಿನ ಮೇಲೆ ಎರಡು ಸ್ಕ್ರೂ ಇರ್ತಾವೆ. ತಂತಿ ಸುತ್ತಿ ಸೀಲ್ ಹಾಕಿರೋದು ಫುಲ್ ಸ್ಪೀಡಿಂದು, ಅದನ್ನ ಮುಟ್ಟಲೇಬೇಡಿ. ಇನ್ನೊಂದು ಸ್ಲೋದು. ಎಂಜಿನ್ ಚೆನ್ನಾಗಿ ಬಿಸಿ ಆದ್ಮೇಲೆ ಅದನ್ನ ಬಿಗಿ ಹಿಡಿದಿರೋ ಲಾಕ್‌ನಟ್ ಸಡಿಲ ಮಾಡಿ ಸ್ಕ್ರೂ ಕಾಲು ಸುತ್ತು ಬಿಚ್ಚಿ. ಕಾಲೇ ಸುತ್ತು ಸಾರ್!"

ಬಾನೆಟ್ ಎತ್ತಿದೆ. ಡೀಸೆಲ್ ಪಂಪಿಗೆ ನಮ್ಮಲ್ಲಿ ಇವತ್ತಿಗೂ 'ಮೈಕೋ ಪಂಪು' ಎಂದೇ ಹೆಸರು. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ನಮ್ಮೂರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಪಂಪಿನ ಒಳಗೊಬ್ಬ ಗವರ್ನರ್ ಇದ್ದಾನೆ. ಎಂಜಿನ್ ಜೋರಾದರೆ ಅವನ ಗುಂಡುಗಳು ಅಗಲಕ್ಕೆ ಹಾರಿ ಡೀಸೆಲ್ ತಗ್ಗಿಸುತ್ತವೆ. ನಿಧಾನವಾದರೆ ಒಳಗೆ ಸರಿದು ಡೀಸೆಲ್ ಹೆಚ್ಚಿಸುತ್ತವೆ. ಪಾಪ, ರಾಜಭವನವಿಲ್ಲದೆ ದುಡಿಯುವ ಗವರ್ನರ್.

ಕಾಲು ಸುತ್ತು ಬಿಚ್ಚಿದೆ. ಏನೂ ಆಗಲಿಲ್ಲ. ಇನ್ನೊಂದು ಕಾಲು. ಊಹೂಂ. ಅರ್ಧ, ಒಂದು, ಎರಡು... ಆಮೇಲೆ ಲೆಕ್ಕ ಬಿಟ್ಟೆ. ಜಗಲಿಯಿಂದ ಅಮ್ಮ, "ಆಗಿಂದ ತಿರುಗಿಸ್ತಾನೇ ಇದೀಯಲ್ಲೋ ಮಾರಾಯ, ಏನಾದ್ರೂ ಆಯ್ತಾ?" ಎಂದರು.

ಆಯಿತು. ಸ್ಕ್ರೂ ಪೂರ್ತಿ ಬಿಚ್ಚಿ ಕೈಗೇ ಬಂತು. ಎಂಜಿನ್ ಮಾತ್ರ ಅದೇ ಗುರ್ರೋ!

ಹೆದರಿಕೆಯಾಗಿ ಓಡಿಹೋಗಿ ಕೀ ತಿರುಗಿಸಿದೆ. ನಿಲ್ಲಲಿಲ್ಲ. ಈ ಹಳೇ ಡೀಸೆಲ್ ಎಂಜಿನ್ನಿಗೆ ಕೀ ಯಾವ ಲೆಕ್ಕ? ಸ್ಪಾರ್ಕ್ ಪ್ಲಗ್ಗೇ ಇಲ್ಲ, ಡೀಸೆಲ್ ಕಟ್ಟಾಗುವ ತನಕ ಓಡುತ್ತಲೇ ಇರುತ್ತದೆ. ಮೂವತ್ತು ವರ್ಷದಿಂದ ದಿನಾ ಎಳೆಯುವ ಸ್ಟಾಪ್ ಗುಬುಟು ನೆನಪಾಗಲು ಅರ್ಧ ನಿಮಿಷ ಬೇಕಾಯಿತು.

ಅಷ್ಟರಲ್ಲಿ ನನ್ನ ಹೆಂಡತಿ ಬಂದಳು. "ರೀ, ಎಣ್ಣೆ ಮೆತ್ತಿದ ಚಪ್ಪಲಿಯಲ್ಲೇ ಹತ್ತಿದ್ರಾ?" ಎನ್ನುತ್ತಾ ಡ್ರೈವರ್ ಸೀಟಿನ ಕೆಳಗಿದ್ದ ನಾರಿನ ಮ್ಯಾಟನ್ನು ತೊಳೆಯಲು ಎಳೆದಳು. ಜಗಲಿಗೆ ತಂದು ಉಳಿದಿದ್ದ ದಪ್ಪ ಮ್ಯಾಟನ್ನು ಮಳೆಗಾಲದ ಕೆಸರಿಗೆಂದು ನಾನೇ ಕತ್ತರಿಸಿ ಹಾಸಿದ್ದೆ. ಅದರ ಅಂಚು ಆಕ್ಸಿಲರೇಟರ್ ಪೆಡಲ್ ಮೇಲೆ ಹತ್ತಿ ಕೂತಿತ್ತು. ಮ್ಯಾಟ್ ಬಂತು, ಪೆಡಲ್ 'ಟಕ್' ಎಂದು ಮೇಲೆದ್ದಿತು.

ಪೆಡಲ್ ಮೇಲೆದ್ದಾಗ ಪಂಪಿನ ಲಿವರು ಸ್ಲೋ ಸ್ಕ್ರೂಗೆ ಬಂದು ಒರಗಬೇಕು. ಅಂದರೆ ಇಷ್ಟು ದಿನ ಅದು ಸ್ಕ್ರೂವನ್ನು ಮುಟ್ಟಿಯೇ ಇರಲಿಲ್ಲ. ನಡುವೆ ಬೀಡಿ ತೂರುವಷ್ಟು ಸಂದು. ನಾನು ಅರ್ಧ ಗಂಟೆ ಬಿಚ್ಚಿದ್ದು ಸರಿಯಾಗಿಯೇ ಇದ್ದ ಸ್ಕ್ರೂವನ್ನು.

ಅದನ್ನು ಮತ್ತೆ ಕೂರಿಸಬೇಕು. ಎಷ್ಟು ಸುತ್ತು? ಲೆಕ್ಕ ಬಿಟ್ಟ ಗಂಡಸು ಯಾರನ್ನು ಕೇಳಬೇಕು? ಹೆಂಡತಿಯನ್ನು ಸೀಟಿಗೆ ಹತ್ತಿಸಿದೆ. ಅವಳು ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿ ಹಿಡಿಯಬೇಕು, ನಾನು ಸ್ಕ್ರೂ ತಿರುಗಿಸಿ ಹೇಳಿದಾಗ ಕಾಲು ತೆಗೆಯಬೇಕು.

"ಬಿಡ್ಲಾ?"

"ಬಿಡು."

ಡಬ್, ಡಬ್, ಡಬ್... ಸತ್ತಿತು. ಹೀಗೇ ಹನ್ನೊಂದು ಸಲ. ಹನ್ನೆರಡನೇ ಸಲಕ್ಕೆ ಬ್ಯಾಟರಿಯೇ ಕೈ ಎತ್ತಿತು.

ಸೋಮವಾರ ಮೇಸ್ತ್ರಿ ಬಂದರು, ಬೇರೆ ಬ್ಯಾಟರಿ ಹೊತ್ತು. ಮಡ್‌ಗಾರ್ಡ್ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಸ್ಕ್ರೂ ತಿರುಗಿಸಿದರು. ಎರಡೇ ನಿಮಿಷ. ಎಂಜಿನ್ ನಿಮಿಷಕ್ಕೆಷ್ಟು ಸುತ್ತುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮೀಟರ್ ಜೀಪಿನಲ್ಲಿ ಇಲ್ಲ. "ಹೆಂಗೆ ಗೊತ್ತಾಗುತ್ತೆ?" ಅಂದೆ. "ಬಾಡಿ ನಡುಗಬಾರದು, ಆಯಿಲ್ ಲೈಟು ಮಿಣುಕಬಾರದು, ಗೇರು ಕರ್ ಅನ್ನಬಾರದು. ಅಷ್ಟೇ."

ದುಡ್ಡು ಎಷ್ಟು ಎಂದರೆ ಬೇಡ ಅಂದರು. ಬೇಲಿಯ ಮೇಲೆ ಒಣಗುತ್ತಿದ್ದ ಮ್ಯಾಟ್ ನೋಡಿ, "ಗಟ್ಟಿ ಮಾಲು ಸಾರ್, ಗ್ಯಾರೇಜ್ ಬಾಗಿಲಿಗೆ ಹಾಕ್ಕೊಳ್ಲಾ?" ಎಂದರು. ನಾನು ಬಾಯಿ ಬಿಡುವ ಮೊದಲೇ ಹೆಂಡತಿ ಅದನ್ನು ಸುತ್ತಿ ಅವರ ಬೈಕಿಗೆ ಕಟ್ಟಿದ್ದಳು.

ಈಗ ಗ್ಯಾರೇಜಿಗೆ ಹೋದಾಗಲೆಲ್ಲ ಅದರ ಮೇಲೇ ಕಾಲೊರೆಸಿಕೊಂಡು ಒಳಗೆ ಹೋಗಬೇಕು.